ಆಕಾಶದಲ್ಲಿ 'ಟ್ರೀ' ಅನ್ನುವುದೇ ಸರಿ

ಮೂರು ಎಂಬ ಅಂಕಿಗೆ ಇಂಗ್ಲಿಷಿನಲ್ಲಿ ಏನಂತಾರೆ? ಕುಷ್ಟಗಿಯ ಸರಕಾರಿ ಸಾಲಿಯಲ್ಲಿ ಓದಿದ ಹುಡುಗ 'ತ್ರೀ' ಅನ್ನುತ್ತಾನೆ. ಬೆಂಗಳೂರಿನ ಕಾನ್ವೆಂಟಿನವರು ಕಿಸಕ್ಕನೆ ನಗುತ್ತಾರೆ. ನಾಲಿಗೆಯನ್ನು ಹಲ್ಲುಗಳ ನಡುವೆ ತೂರಿಸಿ ಗಾಳಿ ಬಿಡದಿದ್ದರೆ ಅದು ಇಂಗ್ಲಿಷೇ ಅಲ್ಲವಂತೆ! ನಕ್ಕವರ ಎದುರು ಹುಡುಗ ಬಾಯಿ ಮುಚ್ಚುತ್ತಾನೆ. ಮುಚ್ಚಿದ ಬಾಯಿ ಇಂಟರ್‌ವ್ಯೂನಲ್ಲೂ ತೆರೆಯುವುದಿಲ್ಲ.

ಕನ್ನಡದ ಯುವಕ ಯುವತಿಯರೇ, ಇವತ್ತು ಒಂದು ವಿಷಯ ತಿಳಿದುಕೊಳ್ಳಿ. ಜಗತ್ತಿನ ಪೈಲಟ್‌ಗಳೆಲ್ಲ ರೇಡಿಯೋದಲ್ಲಿ ಹೇಗೆ ಮಾತಾಡಬೇಕೆಂದು ನಿಯಮ ಮಾಡಿರುವುದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ. ಅದರ ನಿಯಮದಲ್ಲಿ ಮೂರಕ್ಕೆ ಕೊಟ್ಟಿರುವ ಉಚ್ಚಾರಣೆ 'ಟ್ರೀ'. ಸಾವಿರಕ್ಕೆ 'ಟೌ-ಸಂಡ್'. ಐದಕ್ಕೆ 'ಫೈಫ್'. ಒಂಬತ್ತಕ್ಕೆ 'ನೈನರ್'. ಹಲ್ಲಿನ ನಡುವೆ ನಾಲಿಗೆ ತೂರಿಸುವ ಆ ಸದ್ದನ್ನೇ ನಿಯಮ ಕೈಬಿಟ್ಟಿದೆ. ಯಾಕೆ? ಜಗತ್ತಿನ ಬಹುಪಾಲು ಮಂದಿಯ ಬಾಯಲ್ಲಿ ಆ ಸದ್ದು ಇಲ್ಲ. ಗರಗರ ಅನ್ನುವ ರೇಡಿಯೋದಲ್ಲಿ ಅದು ಕೇಳುವುದೂ ಇಲ್ಲ. ಐದು ಮತ್ತು ಒಂಬತ್ತು ಇಂಗ್ಲಿಷಿನಲ್ಲಿ ಒಂದೇ ರಾಗದಲ್ಲಿ ಕೇಳುವುದರಿಂದ ಒಂದಕ್ಕೆ ಬಾಲ ಅಂಟಿಸಿದ್ದಾರೆ.

ಅಂದರೆ ಊರಿನಲ್ಲಿ ನಗೆಗೀಡಾಗುವ ನಾಲಿಗೆಗೆ ಆಕಾಶದಲ್ಲಿ ನಿಯಮವೇ ಜಾಗ ಬಿಟ್ಟುಕೊಟ್ಟಿದೆ. ಈ ಮಾತನ್ನು ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮಕ್ಕಳಿಗೆ ಯಾರಾದರೂ ಹೇಳಿದ್ದಾರೆಯೇ? ಇಲ್ಲ. ಅದಕ್ಕೇ ಈ ಸಂಪಾದಕೀಯ.

ಅಚ್ಚುಕೂಟದವನಿಗೆ ಇದರ ಉಸಾಬರಿ ಏಕೆ?

ಕೇಳುವವರು ಕೇಳಬಹುದು. ಪಿಯುಸಿ ಓದಿದ, ಮದುವೆ ಪತ್ರಿಕೆ, ರಸೀದಿ ಪುಸ್ತಕ, ಚುನಾವಣೆ ಕರಪತ್ರ ಅಚ್ಚು ಹಾಕುವ ಮನುಷ್ಯನಿಗೆ ವಿಮಾನದ ಮಾತು ಯಾಕೆ ಎಂದು. ಉತ್ತರ ಇದೆ. ಅಚ್ಚಿನ ಕಸುಬು ಮತ್ತು ಆಕಾಶದ ಕಸುಬು ಒಂದು ಕಡೆ ಕೂಡುತ್ತವೆ. ಎರಡರಲ್ಲೂ ತಪ್ಪು ಕೇಳಿಸಿಕೊಂಡರೆ ಕೆಟ್ಟಿತು.

ಫೋನಿನಲ್ಲಿ ಹೆಸರು ಹೇಳಿ ಪತ್ರಿಕೆ ಅಚ್ಚು ಮಾಡಿ ಎನ್ನುವ ಗಿರಾಕಿಗೆ ಪ್ರೆಸ್ಸಿನವನು ಏನು ಕೇಳುತ್ತಾನೆ? "ಕಮಲದ ಕ-ನೋ, ಗಣಪತಿಯ ಗ-ನೋ?" ಆಮೇಲೆ ಬರೆದುಕೊಂಡದ್ದನ್ನು ಮರಳಿ ಓದಿ ಹೇಳುತ್ತಾನೆ. ಗಿರಾಕಿ ಹೂಂ ಅಂದ ಮೇಲೆಯೇ ಅಚ್ಚು. ಕರಡು ತಿದ್ದುವಾಗಲೂ ಒಬ್ಬ ಮೂಲವನ್ನು ಜೋರಾಗಿ ಓದುತ್ತಾನೆ, ಇನ್ನೊಬ್ಬ ಅಚ್ಚಾದದ್ದರ ಮೇಲೆ ಬೆರಳಿಟ್ಟು ನೋಡುತ್ತಾನೆ. ಪೈಲಟ್ ಮತ್ತು ನೆಲದ ಟವರ್ ಮಾಡುವುದು ಇದೇ ಎರಡು ಕೆಲಸ. ಅಕ್ಷರವನ್ನು ಪದದ ಮೂಲಕ ಹೇಳುವುದು, ಕೇಳಿದ್ದನ್ನು ಮರಳಿ ಹೇಳುವುದು. ನಮ್ಮಲ್ಲಿ ತಪ್ಪಿದರೆ ಹೊಸ ಕಾಗದ ಹೋಗುತ್ತದೆ. ಅಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

'ಕಮಲದ ಕ' ಎನ್ನುವ ನಮ್ಮ ಪದ್ಧತಿಯ ಜಾಗತಿಕ ರೂಪವೇ ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ. 1956ರ ಮಾರ್ಚ್ 1ರಿಂದ ವಿಮಾನಯಾನದಲ್ಲಿ ಈಗಿನ ಪಟ್ಟಿ ಜಾರಿಯಲ್ಲಿದೆ. ಅದನ್ನು ಒಮ್ಮೆ ಕಣ್ಣಾಡಿಸಿ. ಆಲ್ಫಾ, ಡೆಲ್ಟಾ ಗ್ರೀಕ್ ಅಕ್ಷರಗಳು. ಲಿಮಾ ಪೆರುವಿನ ರಾಜಧಾನಿ. ಕ್ವಿಬೆಕ್ ಕೆನಡಾದ ಫ್ರೆಂಚ್ ಪ್ರಾಂತ. ಐ ಅಕ್ಷರಕ್ಕೆ ನಮ್ಮ ಇಂಡಿಯಾ. ಜೂಲಿಯೆಟ್ ಎಂದು ಬರೆಯುವಾಗ ಕೊನೆಗೆ ಎರಡು 'ಟಿ' ಹಾಕುತ್ತಾರೆ. ಒಂದೇ ಇದ್ದರೆ ಫ್ರೆಂಚರು ಅದನ್ನು ನುಂಗಿ ಓದುತ್ತಾರೆಂದು! ಆಪತ್ತಿನ ಕೂಗು 'ಮೇಡೇ' ಕೂಡ ನನಗೆ ನೆರವಾಗಿ ಎಂಬರ್ಥದ ಫ್ರೆಂಚ್ ಮಾತಿನಿಂದ 1920ರ ದಶಕದಲ್ಲಿ ಮಾಡಿಕೊಂಡದ್ದು. ಇದು ಇಂಗ್ಲಿಷರ ಮನೆಯ ಭಾಷೆಯಲ್ಲ. ಹತ್ತೂರಿನ ಮಂದಿ ಕೂಡಿ ಮಾಡಿಕೊಂಡ ಸಂತೆಯ ಭಾಷೆ. ಸಂತೆಯ ಭಾಷೆ ಕಲಿಯಲು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಎಫ್‌ಎಂ ಮುಗಿಯುವ ಕಡೆ ಶುರು

ಈಗ ಕಂಪನಾಂಕದ ಮಾತು. ಆಕಾಶವಾಣಿ ಕೇಳಿ ಬೆಳೆದವರಿಗೆ ಇದು ಹೊಸ ಪದವಲ್ಲ. ಈ 'ಆಕಾಶವಾಣಿ' ಎಂಬ ಹೆಸರೂ ನಮ್ಮ ನಾಡಿನದೇ ಎನ್ನುವುದನ್ನು ಮರೆಯಬೇಡಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ ನಡೆಸಿದ ಬಾನುಲಿ ಕೇಂದ್ರಕ್ಕೆ ಇದ್ದ ಹೆಸರು ಅದು. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರು ಹೊತ್ತಿತು. ಆಕಾಶದಿಂದ ಬರುವ ಮಾತಿಗೆ ದೇಶಕ್ಕೇ ಹೆಸರು ಕೊಟ್ಟ ನಾಡು ನಮ್ಮದು!

ನಿಮ್ಮ ಮೊಬೈಲಿನ ಎಫ್‌ಎಂ ರೇಡಿಯೋ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಹೋಗಿ ನಿಲ್ಲುತ್ತದೆ. ಅದು ನಿಂತಲ್ಲಿಂದ ವಿಮಾನದವರ ಪಾಲು ಶುರು. 108ರಿಂದ 117.975ರವರೆಗೆ ದಾರಿ ತೋರಿಸುವ ಮತ್ತು ಇಳಿಯಲು ನೆರವಾಗುವ ಸಂಕೇತಗಳು. 118ರಿಂದ 136.975 ಮೆಗಾಹರ್ಟ್ಸ್‌ವರೆಗೆ ಮಾತುಕತೆ. ಪ್ರತಿ ನಿಲ್ದಾಣಕ್ಕೂ ಅದರದೇ ಕಂಪನಾಂಕ. ದೊಡ್ಡ ನಿಲ್ದಾಣವಾದರೆ ನೆಲದ ಮೇಲೆ ಓಡಾಡಲು ಒಂದು, ಏರಲು ಇಳಿಯಲು ಒಂದು, ಹತ್ತಿರ ಬರುವವರಿಗೆ ಇನ್ನೊಂದು. ಅವೆಲ್ಲ ಸರಕಾರಿ ವೈಮಾನಿಕ ಕೈಪಿಡಿಯಲ್ಲಿ ಅಚ್ಚಾಗಿರುತ್ತವೆ, ಬದಲಾಗುತ್ತಲೂ ಇರುತ್ತವೆ. ಹಾರುವ ಮುಂಚೆ ಹೊಸ ಪ್ರತಿ ನೋಡಿಕೊಳ್ಳುವುದು ವಿದ್ಯಾರ್ಥಿಯ ಮೊದಲ ಪಾಠ. ಎಲ್ಲರಿಗೂ ಸೇರಿದ್ದು ಒಂದೇ, ಆಪತ್ತಿನ 121.5. ಅಲ್ಲಿ ಹರಟೆ ಇಲ್ಲ.

ಎಫ್‌ಎಂನಲ್ಲಿ ಹಾಡು ಅಷ್ಟು ಚೆಂದ ಕೇಳುವಾಗ ವಿಮಾನದವರು ಇನ್ನೂ ಹಳೆಯ ಎಎಂ ಪದ್ಧತಿಯಲ್ಲೇ ಯಾಕೆ ಮಾತಾಡುತ್ತಾರೆ? ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿನವನು ಮೆಲ್ಲಗಿನವನನ್ನು ನುಂಗಿಬಿಡುತ್ತಾನೆ, ನುಂಗಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಎಎಂನಲ್ಲಿ ಇಬ್ಬರ ಸದ್ದೂ ಕಲಸಿ ಕಿರ್ರನೆ ಕೇಳುತ್ತದೆ. ಇನ್ನೊಬ್ಬ ಬಡಪಾಯಿ ಕೂಗುತ್ತಿದ್ದಾನೆ ಎಂದಾದರೂ ತಿಳಿಯುತ್ತದೆ. ದುರ್ಬಲನ ದನಿ ಪೂರಾ ಅಡಗಬಾರದು ಎಂಬ ಈ ಏರ್ಪಾಟು ನಮ್ಮ ಪತ್ರಿಕೆಯ ಓದುಗರಿಗೆ ಬೇಗ ಅರ್ಥವಾಗುತ್ತದೆ.

ಈ ಅಲೆಗಳು ನೆಟ್ಟಗೆ ಹೋಗುತ್ತವೆ, ಬೆಟ್ಟವನ್ನು ಬಳಸಿ ಬರುವುದಿಲ್ಲ. ಆದ್ದರಿಂದ ಎಷ್ಟು ಎತ್ತರವೋ ಅಷ್ಟು ದೂರ. ಸುತ್ತಲಿನ ನೆಲದಿಂದ 2,500 ಅಡಿ ಮೇಲಿದ್ದರೆ ಸುಮಾರು 110 ಕಿಲೋಮೀಟರ್, 10,000 ಅಡಿ ಮೇಲಿದ್ದರೆ ಸುಮಾರು 225 ಕಿಲೋಮೀಟರ್ ದೂರದ ನೆಲದ ಕೇಂದ್ರಕ್ಕೆ ದನಿ ಮುಟ್ಟಬಹುದು. ಆನೆಗೊಂದಿಯ ಗುಡ್ಡಗಳ ಮರೆಯಲ್ಲಿ ತಗ್ಗಿ ಹಾರುವವನ ಮಾತು ಯಾರಿಗೂ ಮುಟ್ಟದು. ಅಂಜನಾದ್ರಿಯಿಂದ ಹಾರಿದ ನಮ್ಮ ತಾಲೂಕಿನ ಮೊದಲ ಹಾರಾಟಗಾರನಿಗೆ ರೇಡಿಯೋ ಬೇಕಿರಲಿಲ್ಲ. ಈಗಿನವರಿಗೆ ಬೇಕು.

ಕೊಪ್ಪಳ ಟವರ್ ಎಂದು ಊಹಿಸಿಕೊಳ್ಳಿ

ಗಿಣಿಗೇರಿ ಹತ್ತಿರ ಗಣಿ ಕಂಪನಿಯ ಖಾಸಗಿ ಓಡುಪಟ್ಟಿ ಇರುವುದು ನಿಮಗೆ ಗೊತ್ತು. ಒಂದು ದಿನ ಕೊಪ್ಪಳಕ್ಕೆ ಸಾರ್ವಜನಿಕ ನಿಲ್ದಾಣ, ಟವರ್ ಎಲ್ಲ ಬಂದಿದೆ ಎಂದುಕೊಳ್ಳಿ. ಯಲಬುರ್ಗಾದ ಒಬ್ಬ ಹುಡುಗಿ ತರಬೇತಿಯ ಪುಟ್ಟ ವಿಮಾನದಲ್ಲಿ ಮುನಿರಾಬಾದ್ ಅಣೆಕಟ್ಟಿನ ಮೇಲಿದ್ದಾಳೆ. ಆಕೆ ಏನು ಹೇಳಬೇಕು?

ಮೊದಲು ಏನೂ ಹೇಳಬಾರದು. ಕೇಳಬೇಕು. ಬೇರೆ ಯಾರೋ ಮಾತಾಡುತ್ತಿದ್ದರೆ ಮುಗಿಯಲಿ. ಹೇಳುವುದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಗುಂಡಿ ಒತ್ತಿ ಒಂದು ಕ್ಷಣ ತಡೆದು ಬಾಯಿ ತೆರೆಯಬೇಕು. ಮೊದಲೇ ತೆರೆದರೆ ಮೊದಲ ಪದ ಕತ್ತರಿಸಿ ಹೋಗುತ್ತದೆ. ನಿಮಿಷಕ್ಕೆ 100 ಪದ ದಾಟದ ನಿಧಾನ, ಏರಿಳಿತವಿಲ್ಲದ ದನಿ. ಕ್ರಮ ಹೀಗೆ: ಯಾರನ್ನು ಕರೆಯುತ್ತಿದ್ದೇನೆ, ನಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಏನು ಬೇಕು.

"ಕೊಪ್ಪಳ ಟವರ್, ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೊ ಚಾರ್ಲಿ, ಓವರ್ ಮುನಿರಾಬಾದ್ ಡ್ಯಾಮ್, ಫೋರ್ ಟೌಸಂಡ್ ಫೀಟ್, ಫಾರ್ ಲ್ಯಾಂಡಿಂಗ್."

ವಿಕ್ಟರ್ ಟ್ಯಾಂಗೋ ಅಂದರೆ ವಿಟಿ. ಭಾರತದ ವಿಮಾನಗಳ ಮೈಮೇಲೆಲ್ಲ ಇರುವ, ಬ್ರಿಟಿಷರ ಕಾಲದಲ್ಲಿ ಹಂಚಿಕೆಯಾದ ಗುರುತು. ಟವರ್ ಉತ್ತರಿಸುತ್ತದೆ.

"ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೊ ಚಾರ್ಲಿ, ಜಾಯಿನ್ ರೈಟ್ ಡೌನ್‌ವಿಂಡ್ ರನ್‌ವೇ ಝೀರೋ ನೈನರ್, ಕ್ಯೂಎನ್‌ಎಚ್ ವನ್ ಝೀರೋ ವನ್ ಟ್ರೀ, ರಿಪೋರ್ಟ್ ಡೌನ್‌ವಿಂಡ್."

ಅಂದರೆ ಪೂರ್ವಕ್ಕೆ ಮುಖ ಮಾಡಿದ 09ನೇ ಓಡುಪಟ್ಟಿಗೆ ಇಳಿಯಬೇಕು. ಪಟ್ಟಿಯನ್ನು ಬಲಕ್ಕೆ ಇಟ್ಟುಕೊಂಡು ಅದಕ್ಕೆ ಸಮಾನಾಂತರವಾಗಿ ಎದುರು ದಿಕ್ಕಿಗೆ ಬಾ, ಬಂದಾಗ ಹೇಳು ಎಂದರ್ಥ. ಕ್ಯೂಎನ್‌ಎಚ್ ಅಂದರೆ ಎತ್ತರದ ಮೀಟರಿಗೆ ತುಂಬಬೇಕಾದ ಗಾಳಿಯೊತ್ತಡ. ಹುಡುಗಿ ಏನು ಮಾಡಬೇಕು? "ರಾಜರ್" ಎಂದು ಸಿನಿಮಾ ಹೀರೋ ಥರ ಹೇಳಿ ಸುಮ್ಮನಾದರೆ ತಪ್ಪು! ರಾಜರ್ ಅಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು ಎಂದಷ್ಟೇ ಅರ್ಥ. ಏನು ಕೇಳಿಸಿತು ಎಂದು ಅದರಿಂದ ತಿಳಿಯುವುದಿಲ್ಲ. ಓಡುಪಟ್ಟಿಯ ಸಂಖ್ಯೆ, ಗಾಳಿಯೊತ್ತಡ, ಎತ್ತರ, ದಿಕ್ಕು, ಏರುವ ಇಳಿಯುವ ಅನುಮತಿ, ಪಟ್ಟಿಯ ಹೊರಗೇ ನಿಲ್ಲು ಎಂಬ ಆಜ್ಞೆ, ಇಷ್ಟನ್ನೂ ಅಕ್ಷರ ಬಿಡದೆ ಮರಳಿ ಹೇಳಲೇಬೇಕು. 1013 ಎಂದದ್ದು 1003 ಎಂದು ಕೇಳಿದರೆ ಮೀಟರು ಸುಮಾರು 300 ಅಡಿ ಸುಳ್ಳು ಹೇಳುತ್ತದೆ. ಮೋಡ ಕವಿದ ದಿನ 300 ಅಡಿ ಎಂದರೆ ಒಂದು ಗುಡ್ಡ.

ಇನ್ನುಳಿದ ಪದಗಳನ್ನು ಒಂದು ಅಂಗೈಯಲ್ಲಿ ಹಿಡಿಯಬಹುದು. ಹೌದು ಎನ್ನಲು 'ಅಫರ್ಮ್'. ಅಲ್ಲ ಎನ್ನಲು 'ನೆಗೆಟಿವ್'. ಹೇಳಿದಂತೆ ಮಾಡುತ್ತೇನೆ ಎನ್ನಲು 'ವಿಲ್ಕೋ'. ತಡೆ, ನಾನೇ ಕರೆಯುತ್ತೇನೆ ಎನ್ನಲು 'ಸ್ಟ್ಯಾಂಡ್‌ಬೈ'. ಮತ್ತೆ ಹೇಳಿ ಎನ್ನಲು 'ಸೇ ಅಗೇನ್'. ತಪ್ಪು ಹೇಳಿದೆ, ತಿದ್ದುತ್ತೇನೆ ಎನ್ನಲು 'ಕರೆಕ್ಷನ್'. 'ಸೇ ಅಗೇನ್' ಎನ್ನಲು ನಾಚಿಕೆ ಬೇಡ. ಅರ್ಥವಾಗದೆ ಹೂಂ ಅನ್ನುವವನಿಗಿಂತ ಮತ್ತೆ ಕೇಳುವವನೇ ಒಳ್ಳೆಯ ಪೈಲಟ್.

ಎಂಜಿನ್ ನಿಂತಿತು ಎಂದುಕೊಳ್ಳಿ. ಮೊದಲು ವಿಮಾನ ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು ಎಂದು ಗುರುಗಳು ಕಲಿಸುತ್ತಾರೆ. ಮಾತಾಡುವಾಗ ಮೂರು ಸಲ 'ಮೇಡೇ'. ಬಳಿಕ ತನ್ನ ಗುರುತು, ಏನಾಗಿದೆ, ಏನು ಮಾಡಲಿದ್ದೇನೆ, ಎಲ್ಲಿದ್ದೇನೆ, ಎಷ್ಟು ಎತ್ತರ, ಎಷ್ಟು ಜನ. ಪ್ರಾಣಕ್ಕೆ ಕೂಡಲೇ ಅಪಾಯವಿಲ್ಲದ ತುರ್ತಿಗೆ ಮೂರು ಸಲ 'ಪ್ಯಾನ್ ಪ್ಯಾನ್'. ರಾಡಾರಿಗೆ ಸಂಕೇತ ಕೊಡುವ ಪೆಟ್ಟಿಗೆಯಲ್ಲಿ ತುರ್ತಿಗೆ 7700, ರೇಡಿಯೋ ಕೆಟ್ಟರೆ 7600, ಅಪಹರಣವಾದರೆ 7500. ರೇಡಿಯೋ ಪೂರಾ ಸತ್ತರೂ ದಾರಿ ಇದೆ, ಟವರಿನಿಂದ ದೀಪ ತೋರಿಸುತ್ತಾರೆ. ಹಾರುತ್ತಿರುವವನಿಗೆ ನಿಂತ ಹಸಿರು ಅಂದರೆ ಇಳಿಯಬಹುದು. ನಿಂತ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು. ಮಿನುಗುವ ಕೆಂಪು ಅಂದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡ.

ಓದಿದಿರಲ್ಲ? ಇಷ್ಟು ಹೊತ್ತು ನಿಮಗೆ ಅರ್ಥವಾದದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ!

ಹಾಗಾದರೆ ಟವರಿನಲ್ಲಿ ಕನ್ನಡ ಬೇಡವೇ?

ಬಿಸಿರಕ್ತದ ಗೆಳೆಯರು ಕೇಳಿಯೇ ಕೇಳುತ್ತಾರೆ. ಬ್ಯಾಂಕಿನಲ್ಲಿ ಕನ್ನಡ ಬೇಕು, ರೈಲಿನಲ್ಲಿ ಕನ್ನಡ ಬೇಕು ಅನ್ನುವ ನಾವು ಆಕಾಶದಲ್ಲಿ ಮಾತ್ರ ಬಾಯಿ ಮುಚ್ಚಬೇಕೇ? ನ್ಯಾಯವಾದ ಪ್ರಶ್ನೆ. ನೇರ ಉತ್ತರ ಕೊಡೋಣ.

ಐಕಾವೊ ನಿಯಮ ಇಂಗ್ಲಿಷ್ ಒಂದೇ ಎನ್ನುವುದಿಲ್ಲ. ನೆಲದ ಕೇಂದ್ರ ಸಾಮಾನ್ಯವಾಗಿ ಬಳಸುವ ಭಾಷೆ ಅಥವಾ ಇಂಗ್ಲಿಷ್ ಎನ್ನುತ್ತದೆ, ಕೇಳಿದವರಿಗೆ ಇಂಗ್ಲಿಷ್ ಸಿಗಬೇಕು ಎನ್ನುತ್ತದೆ. ಫ್ರಾನ್ಸಿನಲ್ಲಿ ಫ್ರೆಂಚ್ ಪೈಲಟ್‌ಗಳು ಫ್ರೆಂಚಿನಲ್ಲಿ ಮಾತಾಡುತ್ತಾರೆ, ರಷ್ಯಾದಲ್ಲಿ ರಷ್ಯನ್. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಭಾಷಿಕ ಪೈಲಟ್‌ಗಳು ಇದಕ್ಕಾಗಿ ಹೋರಾಡಿದರು. ಫ್ರೆಂಚ್ ಬೇಡವೆಂದು 1976ರ ಜೂನ್‌ನಲ್ಲಿ ಅಲ್ಲಿನ ಪೈಲಟ್‌ಗಳು ಮುಷ್ಕರ ಹೂಡಿ ದೇಶದ ವಿಮಾನಗಳನ್ನೇ ನಿಲ್ಲಿಸಿದರು. ಸರಕಾರ ಆಯೋಗ ನೇಮಿಸಿತು. ಎರಡು ಭಾಷೆಯಿಂದ ಸುರಕ್ಷತೆಗೆ ಧಕ್ಕೆಯಿಲ್ಲ ಎಂದು 1979ರಲ್ಲಿ ಆಯೋಗ ವರದಿ ಕೊಟ್ಟಿತು. ಕ್ವಿಬೆಕ್‌ನವರು ಗೆದ್ದರು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. 2000ದ ಮೇ 25ರಂದು ಪ್ಯಾರಿಸ್ಸಿನ ನಿಲ್ದಾಣದಲ್ಲಿ ಏರಲು ಓಡುತ್ತಿದ್ದ ಫ್ರೆಂಚ್ ವಿಮಾನದ ರೆಕ್ಕೆ, ಅದೇ ಪಟ್ಟಿಗೆ ಬಂದ ಬ್ರಿಟಿಷ್ ಸರಕು ವಿಮಾನಕ್ಕೆ ಬಡಿಯಿತು. ಸರಕು ವಿಮಾನದ ಸಹ ಪೈಲಟ್ ಸತ್ತ. ಟವರ್ ಫ್ರೆಂಚ್ ವಿಮಾನದ ಜೊತೆ ಫ್ರೆಂಚಿನಲ್ಲಿ, ಬ್ರಿಟಿಷರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿತ್ತು. ತಪ್ಪು ಮುಖ್ಯವಾಗಿ ಟವರಿನದು. ಆದರೂ ಎರಡು ಭಾಷೆಯ ಬಳಕೆಯನ್ನು ತನಿಖೆ ಕಾರಣಗಳ ಪಟ್ಟಿಗೆ ಸೇರಿಸಿತು.

ರೇಡಿಯೋ ಫೋನಿನಂತೆ ಇಬ್ಬರ ನಡುವಿನ ಮಾತಲ್ಲ. ಒಂದು ಕಂಪನಾಂಕದಲ್ಲಿರುವ ಎಲ್ಲರೂ ಎಲ್ಲರ ಮಾತನ್ನು ಕೇಳುತ್ತಿರುತ್ತಾರೆ. ಯಾರು ಎಲ್ಲಿದ್ದಾರೆ ಎಂಬ ಚಿತ್ರ ಅದರಿಂದಲೇ ತಲೆಯಲ್ಲಿ ಮೂಡುವುದು. ಜಕ್ಕೂರಿನಿಂದ ಏರುವ ವಿದ್ಯಾರ್ಥಿಯ ಪಕ್ಕದಲ್ಲೇ ಯಲಹಂಕದ ವಾಯುನೆಲೆ ಇದೆ, ತುಸು ಆಚೆ ದೇಶವಿದೇಶದ ವಿಮಾನ ಇಳಿಯುವ ಕೆಂಪೇಗೌಡ ನಿಲ್ದಾಣವಿದೆ. ಅಲ್ಲಿ ನಮ್ಮ ಹುಡುಗ ಕನ್ನಡದಲ್ಲಿ ಹೇಳಿದ್ದು ಪಕ್ಕದ ಪಂಜಾಬಿಗೆ, ಜರ್ಮನ್‌ಗೆ ಗೊತ್ತಾಗದಿದ್ದರೆ ಡಿಕ್ಕಿಯಾಗುವುದು ನಮ್ಮ ಹುಡುಗನಿಗೂ ಹೌದು.

ಮಾತು ಕೆಟ್ಟು ಸತ್ತವರ ಲೆಕ್ಕ ಸಣ್ಣದಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ನೆಲದ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಅನುಮತಿ ಸಿಗದೆ ಒಂದು ವಿಮಾನ ಹೊರಟಿತ್ತು. ಅದರ ಪೈಲಟ್ ಹೇಳಿದ್ದು ಟವರಿಗೆ ಒಂದು ಥರ, ಅವನ ಮನಸ್ಸಿನಲ್ಲಿ ಇನ್ನೊಂದು ಥರ ಅರ್ಥವಾಗಿತ್ತು. ಆಮೇಲೆಯೇ 'ಟೇಕಾಫ್' ಪದವನ್ನು ಆ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದಂತೆ 'ಡಿಪಾರ್ಚರ್' ಎನ್ನಬೇಕು ಎಂಬ ಪದ್ಧತಿ ಬಿಗಿಯಾಯಿತು. 1990ರ ಜನವರಿ 25ರಂದು ನ್ಯೂಯಾರ್ಕಿನ ಹತ್ತಿರ ಇಂಧನ ಬರಿದಾಗಿ ಕೊಲಂಬಿಯಾದ ವಿಮಾನ ಬಿದ್ದು 73 ಜನ ಸತ್ತರು. ಸ್ಪ್ಯಾನಿಷ್ ಮನೆಮಾತಿನ ಆ ಪೈಲಟ್‌ಗಳು ನಮಗೆ ಆದ್ಯತೆ ಕೊಡಿ ಎಂದಿದ್ದರು, ತುರ್ತುಸ್ಥಿತಿ ಎಂದು ಘೋಷಿಸಲೇ ಇಲ್ಲ. ಒಂದು 'ಮೇಡೇ' ಬಂದಿದ್ದರೆ ಟವರಿನವರು ದಾರಿ ಖಾಲಿ ಮಾಡಿಸುತ್ತಿದ್ದರು.

ನಮ್ಮ ನೆಲದ್ದೇ ನೋಡಿ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ವಿಮಾನಕ್ಕೆ ಕಝಾಕಿಸ್ತಾನದ ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. 15,000 ಅಡಿಗೆ ಇಳಿದು ಅಲ್ಲೇ ಇರು ಎಂದದ್ದಕ್ಕೆ ಕಝಾಕ್ ವಿಮಾನ ಅದಕ್ಕಿಂತ ಕೆಳಗೆ, ಸೌದಿ ವಿಮಾನವಿದ್ದ 14,000 ಅಡಿಯ ಮಟ್ಟಕ್ಕೆ ಇಳಿಯಿತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಸಾಲದಿದ್ದುದು ಕಾರಣಗಳಲ್ಲಿ ಒಂದೆಂದು ಲಾಹೋಟಿ ವಿಚಾರಣೆ ಹೇಳಿತು. ಇಂಥ ಸಾವುಗಳಿಂದಲೇ ಐಕಾವೊ ಭಾಷಾ ಪರೀಕ್ಷೆ ತಂದಿತು. ಆರು ಮಟ್ಟಗಳಲ್ಲಿ ಕನಿಷ್ಠ ನಾಲ್ಕನೆಯದು ಬೇಕು. ರೇಡಿಯೋದ ಕಟ್ಟುಮಾತು ಬಾಯಿಪಾಠವಾದರೆ ಸಾಲದು, ಅನಿರೀಕ್ಷಿತ ಘಟನೆಯನ್ನು ಸರಳ ಇಂಗ್ಲಿಷಿನಲ್ಲಿ ಹೇಳಲು ಬರಬೇಕು. ಆದರೆ ನಾಲ್ಕನೆಯ ಮಟ್ಟದ ವಿವರಣೆ ಏನೆನ್ನುತ್ತದೆ? ಉಚ್ಚಾರಣೆಯ ಮೇಲೆ ತಾಯ್ನುಡಿಯ ಪ್ರಭಾವ ಇರಬಹುದು, ಅದು ಅರ್ಥವಾಗಲು ಕೆಲವೊಮ್ಮೆ ಅಡ್ಡಿಯಾದರೂ ನಡೆಯುತ್ತದೆ! ಕಾನ್ವೆಂಟ್ ನಗೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಆದ್ದರಿಂದ ನಮ್ಮ ನಿಲುವು ಇದು. ಟವರಿನ ಮಾತು ಇಂಗ್ಲಿಷಿನಲ್ಲಿರಲಿ, ಜೀವದ ಪ್ರಶ್ನೆ. ಆದರೆ ಆ ಮಾತನ್ನು ಕಲಿಸುವುದು ಕನ್ನಡದಲ್ಲಿ ಯಾಕಾಗಬಾರದು? ಕಲಿಸುವ ಕೋಣೆಯಲ್ಲಿ ಯಾವ ವಿಮಾನ ಯಾವುದಕ್ಕೆ ಡಿಕ್ಕಿಯಾಗುತ್ತದೆ?

ಬೀಗ ಎಲ್ಲಿದೆ?

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳುವ ನಾಲ್ಕು ಊರುಗಳಲ್ಲಿ ಕೊಪಣ ಒಂದು. ಆ ಕೊಪಣವೇ ನಮ್ಮ ಕೊಪ್ಪಳ. ಕನ್ನಡದ ತಿರುಳು ಇದ್ದ ನಾಡಿನ ಮಗುವಿಗೆ ಒಂದು ಕಸುಬನ್ನು ಕನ್ನಡದಲ್ಲಿ ವಿವರಿಸುವ ಪುಸ್ತಕ ಕೊಡಲು ನಮಗೆ ಇನ್ನೂ ಆಗಿಲ್ಲ ಅಂದರೆ ಯಾರಿಗೆ ನಾಚಿಕೆ?

ದಾರಿ ಇಲ್ಲವೆಂದಲ್ಲ. 16 ತುಂಬಿದವರು ವಿದ್ಯಾರ್ಥಿ ಪೈಲಟ್ ಲೈಸೆನ್ಸ್ ಪಡೆಯಬಹುದು. ವಾಣಿಜ್ಯ ಪೈಲಟ್ ಆಗಲು 18 ವರ್ಷ, 200 ಗಂಟೆ ಹಾರಾಟ, ಜೊತೆಗೆ ರೇಡಿಯೋ ಬಳಸುವ ಪರವಾನಗಿ ಬೇಕು. ಆ ಪರವಾನಗಿಗೆ ಬರೆಯುವ ಆರ್‌ಟಿಆರ್ ಪರೀಕ್ಷೆಯನ್ನು ದಶಕಗಳ ಕಾಲ ಕೇಂದ್ರದ ದೂರಸಂಪರ್ಕ ಇಲಾಖೆ ನಡೆಸಿತು. 2025ರ ಜನವರಿ 1ರಂದು ಜಾರಿಗೆ ಬಂದ ಹೊಸ ಕಾಯ್ದೆ ಆ ಅಧಿಕಾರವನ್ನು ವಿಮಾನಯಾನ ಮಹಾನಿರ್ದೇಶನಾಲಯದ ಕೈಗೆ ಕೊಟ್ಟಿತು. 1934ರ ಇಂಗ್ಲಿಷ್ ಹೆಸರಿನ ಕಾಯ್ದೆ ಹೋಗಿ 'ಭಾರತೀಯ ವಾಯುಯಾನ ಅಧಿನಿಯಮ' ಬಂತು. ಕಾಯ್ದೆಯ ಹೆಸರಿಗೆ ಹಿಂದಿ ಸಿಕ್ಕಿತು. ಕಲಿಯುವ ಕನ್ನಡ ಹುಡುಗನಿಗೆ ಏನು ಸಿಕ್ಕಿತು?

ಜಕ್ಕೂರಿನಲ್ಲಿ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ 1940ರ ದಶಕದ ಕೊನೆಗೆ ಶುರುವಾದ ಸರಕಾರಿ ಹಾರಾಟ ತರಬೇತಿ ಶಾಲೆ ನಮ್ಮ ರಾಜ್ಯ ಸರಕಾರದ್ದು. ನಡುವೆ ಕಲಿಸುವವರಿಲ್ಲದೆ ವರ್ಷಗಟ್ಟಲೆ ತರಬೇತಿ ನಿಂತದ್ದೂ ಉಂಟು. 2019ರ ನವೆಂಬರಿನಲ್ಲಿ ಕಲಬುರಗಿ ನಿಲ್ದಾಣ ತೆರೆಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ಶಾಲೆಗಳಿಗೆ ಜಾಗ ಕೊಡಲು ಆರಿಸಿದ ದೇಶದ ಐದು ನಿಲ್ದಾಣಗಳಲ್ಲಿ ಎರಡು ನಮ್ಮವು, ಬೆಳಗಾವಿ ಮತ್ತು ಕಲಬುರಗಿ. ಅಂದರೆ ಪಾಠ ನಮ್ಮ ಬಾಗಿಲಿಗೇ ಬಂದಿದೆ. ಕೂರುವವರು ಯಾರು? ಹತ್ತಾರು ಲಕ್ಷ ಶುಲ್ಕ ಕಟ್ಟಬಲ್ಲವರು, ಇಂಗ್ಲಿಷಿನಲ್ಲಿ ಹುಟ್ಟಿದವರು. ಭತ್ತ ಮಾರಿ ಮಗನನ್ನು ಓದಿಸುವ ಗಂಗಾವತಿಯ ರೈತ ಶುಲ್ಕದ ಬೀಗವನ್ನು ಕಾಣುತ್ತಾನೆ. ಅದರ ಹಿಂದೆ ಭಾಷೆಯ ಭಯದ ಇನ್ನೊಂದು ಬೀಗವಿದೆ. ಶುಲ್ಕದ ಬೀಗ ತೆಗೆಯಲು ಸರಕಾರದ ಹಣ ಬೇಕು. ಭಯದ ಬೀಗ ತೆಗೆಯಲು ಒಂದು ಪುಸ್ತಕ ಸಾಕು.

ಅದಕ್ಕೆ ನಮ್ಮ ಒತ್ತಾಯಗಳು ಇವು.

ಒಂದು, ತುಂಗಭದ್ರೆಯ ಆಚೆ ದಡದಲ್ಲೇ ಇರುವ ಹಂಪಿ ಕನ್ನಡ ವಿಶ್ವವಿದ್ಯಾಲಯ ವಿಮಾನ ರೇಡಿಯೋದ ಕೈಪಿಡಿಯನ್ನು ಕನ್ನಡದಲ್ಲಿ ತರಬೇಕು. ಪದಗಳನ್ನು ಸಂಸ್ಕೃತಕ್ಕೆ ತಿರುಗಿಸುವ ಸರ್ಕಸ್ ಬೇಡ. 'ರನ್‌ವೇ', 'ಸ್ಟ್ಯಾಂಡ್‌ಬೈ' ಹಾಗೇ ಇರಲಿ, ಅರ್ಥ ಮಾತ್ರ ನಮ್ಮೂರ ಕನ್ನಡದಲ್ಲಿ ಬರಲಿ.

ಎರಡು, ಜಕ್ಕೂರಿನ ಸರಕಾರಿ ಶಾಲೆಯಲ್ಲಿ ನೆಲದ ಪಾಠಗಳಿಗೆ ಕನ್ನಡ ವಿವರಣೆ ಕಡ್ಡಾಯವಾಗಬೇಕು. ಕನ್ನಡ ಮಾಧ್ಯಮದವರಿಗೆ ಸೇರುವ ಮುಂಚೆ ಮೂರು ತಿಂಗಳ ಸರಳ ಇಂಗ್ಲಿಷ್ ತರಗತಿ ಇರಬೇಕು.

ಮೂರು, ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಬರುವ ಹಣದಲ್ಲಿ ವರ್ಷಕ್ಕೆ ತಾಲೂಕಿಗೊಬ್ಬರಂತೆ ಹಾರಾಟ ತರಬೇತಿಗೆ ಪೂರ್ಣ ವಿದ್ಯಾರ್ಥಿವೇತನ ಕೊಡಬೇಕು. 371(ಜೆ) ಬರೀ ಗುಮಾಸ್ತರ ನೌಕರಿಗಲ್ಲ.

ಸರಕಾರ ಏಳುವವರೆಗೆ ನಾವು ಮಲಗಬೇಕಿಲ್ಲ. ಬೆಂಗಳೂರಿನ ಪಿಜಿ ಕೋಣೆಗಳಲ್ಲಿರುವ, ಕೊಪ್ಪಳ ಗಂಗಾವತಿಯ ಕಾಲೇಜುಗಳಲ್ಲಿರುವ ಗೆಳೆಯರೇ, ಭಾನುವಾರ ಒಂದು ತಾಸು ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಕೂರಿ. ಮುಖ ಕಾಣಬಾರದು, ಕೈಸನ್ನೆ ಬಾರದು. ಒಬ್ಬ ಟವರ್, ಒಬ್ಬ ಪೈಲಟ್. ಒಬ್ಬ ಹೇಳಲಿ, ಇನ್ನೊಬ್ಬ ಮರಳಿ ಹೇಳಲಿ, ಮೂರನೆಯವ ತಪ್ಪು ಎಣಿಸಲಿ. ಮೊದಲ ದಿನ ಹತ್ತು ತಪ್ಪು, ತಿಂಗಳಿಗೆ ಒಂದು. ಕಾಸು ಖರ್ಚಿಲ್ಲ. ಆಸಕ್ತಿ ಬೆಳೆದವರು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಅಲ್ಲೂ ಇದೇ ಆಲ್ಫಾ ಬ್ರಾವೊ. ಆದರೆ ಒಂದು ಎಚ್ಚರಿಕೆ. ಪರವಾನಗಿ ಇಲ್ಲದ ಸೆಟ್ಟು ತಂದು ವಿಮಾನದ ಕಂಪನಾಂಕದಲ್ಲಿ ಬಾಯಿ ಹಾಕುವುದು ಅಪರಾಧ. ನಿಮ್ಮ ತಮಾಷೆ ಅಲ್ಲಿ ಯಾರದೋ ಸಾವು. ಹೋರಾಟಗಾರ ನಿಯಮ ಕಲಿತವನಾಗಿರಬೇಕು.

ಈ ವರ್ಷದ ರಾಜ್ಯೋತ್ಸವಕ್ಕೆ ಧ್ವಜ ಹಾರಿಸುವ ಪ್ರತಿ ಶಾಖೆಯೂ ತನ್ನ ಊರಿನ ಪಿಯು ಕಾಲೇಜಿನಲ್ಲಿ ಆಲ್ಫಾದಿಂದ ಝುಲುವರೆಗಿನ ಪಟ್ಟಿಯನ್ನೂ ಅಂಕಿಗಳ ಉಚ್ಚಾರಣೆಯನ್ನೂ ಕನ್ನಡ ಲಿಪಿಯಲ್ಲಿ ಗೋಡೆಗೆ ಅಂಟಿಸಲಿ. ನಾಲ್ಕು ತಾಲೂಕಿಗೆ ಬೇಕಾಗುವಷ್ಟು ಹಾಳೆಯನ್ನು ನಮ್ಮ ಪ್ರೆಸ್ಸಿನಿಂದ ಪುಕ್ಕಟೆ ಅಚ್ಚು ಮಾಡಿ ಕೊಡುತ್ತೇವೆ. ಅದರಲ್ಲಿ ಮೂರರ ಎದುರು ದಪ್ಪ ಅಕ್ಷರದಲ್ಲಿ 'ಟ್ರೀ' ಎಂದೇ ಇರುತ್ತದೆ. ನಗುವವರು ಬಂದು ಓದಿಕೊಂಡು ಹೋಗಲಿ.

ಸಿರಿಗನ್ನಡಂ ಗೆಲ್ಗೆ!